ಕುಂಡದ ಮಣ್ಣಿನ ಜೀವಾಣುಗಳಿಗೆ ನಲ್ಲಿ ನೀರು: ಎಲ್ಲಿ ಸೋಸಬೇಕು, ಎಲ್ಲಿ ಬೇಡ

ನಲ್ಲಿ ನೀರಿನ ಕ್ಲೋರಿನ್ ಕುಂಡದ ಮಣ್ಣಿನಲ್ಲಿರುವ ಒಳ್ಳೆಯ ಜೀವಾಣುಗಳನ್ನೆಲ್ಲ ಕೊಂದುಹಾಕುತ್ತದೆ ಎಂಬ ಮಾತು ತಾರಸಿ ತೋಟ ಮಾಡುವವರಲ್ಲಿ ಬಹಳ ಓಡಾಡುತ್ತದೆ. ಅದು ಅರ್ಧ ನಿಜ. ಕಾಂಪೋಸ್ಟು, ಎರೆಗೊಬ್ಬರ ಚೆನ್ನಾಗಿ ಬೆರೆತ ಮಣ್ಣಿಗೆ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇರುವ ನೀರು ಬಿದ್ದರೆ, ಅಷ್ಟು ಕ್ಲೋರಿನ್ ಮೇಲ್ಪದರದ ಸಾವಯವ ಪದಾರ್ಥದ ಜೊತೆ ವರ್ತಿಸಿಯೇ ಮುಗಿದುಹೋಗುತ್ತದೆ. ಬೇರಿನ ಬುಡಕ್ಕೆ ಇಳಿಯುವುದಿಲ್ಲ. ಮೇಲೆ ಸತ್ತ ಜೀವಾಣುಗಳ ಜಾಗವನ್ನು ಕೆಳಗಿನವು ಬೇಗನೆ ತುಂಬಿಕೊಳ್ಳುತ್ತವೆ.

ನಿಜವಾದ ನಷ್ಟ ಆಗುವುದು ಕುಂಡದಲ್ಲಲ್ಲ, ಬಕೆಟ್ಟಿನಲ್ಲಿ. ಟ್ರೈಕೋಡರ್ಮಾ, ಸುಡೋಮೊನಾಸ್, ಅಜೋಸ್ಪಿರಿಲಂ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ, ಪ್ಯಾಕೆಟ್ಟಿನಲ್ಲಿ ಸಿಗುವ ಈ ಜೀವಾಣುಗಳನ್ನೆಲ್ಲ ನಾವು ಬರೀ ನೀರಿಗೆ ಕಲಸುತ್ತೇವೆ. ಆ ನೀರಿನಲ್ಲಿ ಕ್ಲೋರಿನ್ ತಿಂದುಹಾಕಲು ಮಣ್ಣೂ ಇಲ್ಲ, ಗೊಬ್ಬರವೂ ಇಲ್ಲ. ಇರುವುದು ಜೀವಾಣು ಮಾತ್ರ. ಹಾಗಾಗಿ ಸೋಸುವ ಶ್ರಮ ಮೊದಲು ಅಲ್ಲಿಗೆ ಸಲ್ಲಬೇಕು.

ಕ್ಲೋರಿನ್ ತೆಗೆದ ನೀರು ಖಂಡಿತ ಬೇಕಾಗುವ ಕಡೆಗಳು ಇವು: ಪ್ಯಾಕೆಟ್ಟಿನ ಜೈವಿಕ ಗೊಬ್ಬರ ಕಲಸುವಾಗ, ಬೀಜೋಪಚಾರಕ್ಕೆ, ಏರ್ ಪಂಪ್ ಹಾಕಿ ಕಾಂಪೋಸ್ಟ್ ಟೀ (ಕಾಂಪೋಸ್ಟ್ ನೆನೆಸಿದ ನೀರು) ಮಾಡುವಾಗ, ಬರೀ ಕೊಕೊಪೀಟ್ ತುಂಬಿದ ಸಸಿ ಟ್ರೇಗಳಿಗೆ. ಕೊಕೊಪೀಟ್‌ನಲ್ಲಿ ಜೀವಾಣು ಮೊದಲೇ ಕಡಿಮೆ, ನಾವು ಹಾಕಿದ್ದೇ ಆಸ್ತಿ.

ಜೀವಾಮೃತಕ್ಕೆ ಈ ಚಿಂತೆ ಬೇಡ. 200 ಲೀಟರ್ ಡ್ರಮ್ಮಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು ಬೀಳುತ್ತದೆ. ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇದ್ದರೂ ಇಡೀ ಡ್ರಮ್ಮಿಗೆ 200 ಮಿಲಿಗ್ರಾಂ ಆಯಿತು, ಒಂದು ಚಿಟಿಕೆಯಷ್ಟು. ಹತ್ತು ಕೆಜಿ ಸಗಣಿಯ ಮುಂದೆ ಅದು ಯಾವ ಲೆಕ್ಕ? ಸಗಣಿಯನ್ನು ಮೊದಲು ಕಲಸಿ, ಮರದ ಬುಡದ ಹಿಡಿ ಮಣ್ಣನ್ನು ಕೊನೆಗೆ ಹಾಕಿ, ಸಾಕು.

ಮೊದಲು ಅಳೆಯಿರಿ

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು, ಬೇರೆ ನೀರಿನ ಮೂಲ ಇಲ್ಲದಾಗ 1 ಮಿಲಿಗ್ರಾಂ ತನಕ ಒಪ್ಪಿಗೆ. ಬೆಂಗಳೂರಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಸಾಗಿ, ಊರೊಳಗಿನ ಜಲಾಗಾರಗಳನ್ನು ದಾಟಿ ನಿಮ್ಮ ಸಂಪಿಗೆ ಬೀಳುತ್ತದೆ. ಸಂಪಿನಲ್ಲಿ ಒಂದೆರಡು ದಿನ, ಆಮೇಲೆ ಓವರ್‌ಹೆಡ್ ಟ್ಯಾಂಕಿನಲ್ಲಿ ಇನ್ನೊಂದು ದಿನ. ತಾರಸಿಯ ನಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಕ್ಲೋರಿನ್ ಸೊನ್ನೆ ಆಗಿರುತ್ತದೆ. ಸುಮ್ಮನೆ ಬೋರ್‌ವೆಲ್ ನೀರೇ ಆಗಿದ್ದರೆ, ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕದ ಹೊರತು ಅದರಲ್ಲಿ ಕ್ಲೋರಿನ್ ಇರುವುದೇ ಇಲ್ಲ. ಇಲ್ಲದ ಕ್ಲೋರಿನ್ ತೆಗೆಯಲು ಫಿಲ್ಟರ್ ಕೊಂಡವರು ಕಡಿಮೆಯೇನಲ್ಲ.

ಅಳೆಯಲು ಎರಡು ಬಗೆಯ ಕಿಟ್ ಸಿಗುತ್ತವೆ. ಈಜುಕೊಳದ ಸಾಮಾನು ಮಾರುವವರಲ್ಲಿ, ಆನ್‌ಲೈನಿನಲ್ಲಿ, ಅಕ್ವೇರಿಯಂ ಅಂಗಡಿಗಳಲ್ಲಿ ಕೇಳಿ. ಓಟಿಒ ಹನಿ ಹಾಕಿದರೆ ನೀರು ಹಳದಿಯಾಗುತ್ತದೆ. ಡಿಪಿಡಿ ಪುಡಿ ಅಥವಾ ಮಾತ್ರೆ ಹಾಕಿದರೆ ಗುಲಾಬಿ. ಸಾಧ್ಯವಿದ್ದರೆ ಡಿಪಿಡಿ ಕೊಳ್ಳಿ, ಮುಕ್ತ ಕ್ಲೋರಿನ್ (ಬೇರೇನಕ್ಕೂ ಅಂಟಿಕೊಳ್ಳದ್ದು) ಎಷ್ಟು, ಅಮೋನಿಯಾದಂಥದ್ದರ ಜೊತೆ ಸೇರಿದ್ದನ್ನೂ ಕೂಡಿ ಒಟ್ಟು ಎಷ್ಟು ಎಂದು ಬೇರೆಬೇರೆಯಾಗಿ ತೋರಿಸುವ ಕಿಟ್ ಆದರೆ ಇನ್ನೂ ಒಳ್ಳೆಯದು. ಓಟಿಒ ಇದ್ದರೆ ಹನಿ ಹಾಕಿದ ಐದಾರು ಸೆಕೆಂಡಿನಲ್ಲಿ ಬಂದ ಬಣ್ಣವನ್ನು ಮುಕ್ತ ಕ್ಲೋರಿನ್ ಎಂದೂ, ಐದು ನಿಮಿಷ ಬಿಟ್ಟು ಬಂದ ಬಣ್ಣವನ್ನು ಒಟ್ಟು ಎಂದೂ ಓದಿಕೊಳ್ಳಬಹುದು. ಟ್ಯೂಬಿನ ಹಿಂದೆ ಬಿಳಿ ಹಾಳೆ ಹಿಡಿದು ನೆರಳಿನಲ್ಲಿ ನೋಡಿ, ಬಿಸಿಲಿನಲ್ಲಿ 0.2ರ ತೆಳು ಹಳದಿ ಕಾಣಿಸುವುದೇ ಇಲ್ಲ. ಪರೀಕ್ಷೆ ಮಾಡಿದ ನೀರನ್ನು ಸಿಂಕಿಗೆ ಚೆಲ್ಲಿ, ಕುಂಡಕ್ಕೆ ಬೇಡ. ಓಟಿಒ ವಿಷಕಾರಿ.

ಮೂರು ಕಡೆಯ ನೀರು ಹಿಡಿಯಿರಿ: ನೀರು ಬಿಟ್ಟ ಹೊತ್ತಿನಲ್ಲಿ ನೇರ ಲೈನಿನ ನಲ್ಲಿ, ಸಂಪು, ತಾರಸಿಯ ನಲ್ಲಿ. ತಾರಸಿಯಲ್ಲಿ 0.1ಕ್ಕಿಂತ ಕಡಿಮೆ ಬಂದರೆ ಫಿಲ್ಟರ್ ಕಟ್ಟುವ ಕೆಲಸ ಬಿಡಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಶುರುವಾದ ಮೇಲೊಮ್ಮೆ ಮತ್ತೆ ನೋಡಿ. ನೀರು ಕದಡಿದ ಕಾಲದಲ್ಲಿ ಕ್ಲೋರಿನ್ ಪ್ರಮಾಣ ಬದಲಾಗುತ್ತದೆ. ಟಿಡಿಎಸ್ ಮೀಟರ್ ಕ್ಲೋರಿನ್ ತೋರಿಸುವುದಿಲ್ಲ ಎಂಬುದು ನೆನಪಿರಲಿ. ಅದು ಕರಗಿದ ಲವಣ ಅಳೆಯುತ್ತದೆ, ಅಷ್ಟೇ.

ಬಕೆಟ್ಟಿನಲ್ಲಿ ಇಟ್ಟು ಬಿಡುವುದು

ಒಂದೆರಡು ಬಕೆಟ್ ನೀರು ಸಾಕು ಎನ್ನುವವರಿಗೆ ಇದೇ ಒಳ್ಳೆಯ ದಾರಿ, ಖರ್ಚಿಲ್ಲ. ಅಗಲ ಬಾಯಿಯ ಟಬ್ಬಿನಲ್ಲಿ ಒಂದಡಿಗಿಂತ ಕಡಿಮೆ ಆಳಕ್ಕೆ ನೀರು ತುಂಬಿ, ಬಿಸಿಲು ಬೀಳುವ ಕಡೆ 24 ಗಂಟೆ ಇಡಿ. ಬಿಸಿಲಿನ ನೇರಳಾತೀತ ಕಿರಣ ಮುಕ್ತ ಕ್ಲೋರಿನ್ನನ್ನು ಒಡೆಯುತ್ತದೆ, ಹಾಗಾಗಿ ನೆರಳಿಗಿಂತ ಬಿಸಿಲಿನಲ್ಲಿ ಬೇಗ. ಎರಡು ಮೂರು ಸಲ ತಂಬಿಗೆಯಿಂದ ಎತ್ತಿ ಸುರಿದರೆ ಇನ್ನೂ ಬೇಗ. ಮುಚ್ಚಳ ಬಿಗಿದ ಕ್ಯಾನಿನಲ್ಲಿ ಇಟ್ಟರೆ ಕೆಲಸ ಆಗುವುದಿಲ್ಲ. ಆದರೆ ತೆರೆದಿಟ್ಟರೆ ಡೆಂಗಿ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದ ಹಾಗೆ. ತೆಳು ಸೊಳ್ಳೆಪರದೆ ಬಿಗಿದು ಕಟ್ಟಿ, ಎರಡು ದಿನದೊಳಗೆ ನೀರು ಖಾಲಿ ಮಾಡಿ, ವಾರಕ್ಕೊಮ್ಮೆ ಟಬ್ಬಿನ ಒಳಮೈ ಉಜ್ಜಿ ತೊಳೆಯಿರಿ. ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೆ ಸಾಲದು.

ಜೈವಿಕ ಗೊಬ್ಬರ ಕಲಸುವ ಮೊದಲು ಆ ನೀರನ್ನು ನೆರಳಿಗೆ ತಂದು ತಣಿಸಿ. ಅಂದಹಾಗೆ, ಏಪ್ರಿಲ್ ಮಧ್ಯಾಹ್ನ ತಾರಸಿಯಲ್ಲಿ ಬಿದ್ದಿರುವ ಕಪ್ಪು ಪೈಪಿನಿಂದ ಮೊದಲು ಬರುವ ನೀರು ಕೈ ಸುಡುವಷ್ಟು ಕಾದಿರುತ್ತದೆ. ಕ್ಲೋರಿನ್ ಬಗ್ಗೆ ತಲೆ ಕೆಡಿಸಿಕೊಂಡವರೇ ಅದನ್ನು ನೇರ ಕುಂಡಕ್ಕೆ ಹಿಡಿಯುವುದುಂಟು. ಬೇರಿಗೂ ಜೀವಾಣುವಿಗೂ ಆ ಬಿಸಿನೀರು ಕ್ಲೋರಿನ್‌ಗಿಂತ ದೊಡ್ಡ ಪೆಟ್ಟು.

ವಿಟಮಿನ್ ಸಿ: ಅರ್ಜೆಂಟಿಗೆ

ಕಾಯಲು ಹೊತ್ತಿಲ್ಲದಿದ್ದರೆ ಆಸ್ಕಾರ್ಬಿಕ್ ಆಸಿಡ್ ಅಂದರೆ ವಿಟಮಿನ್ ಸಿ ಪುಡಿ ಕೆಲಸಕ್ಕೆ ಬರುತ್ತದೆ. 1 ಮಿಲಿಗ್ರಾಂ ಕ್ಲೋರಿನ್‌ಗೆ 2.5 ಮಿಲಿಗ್ರಾಂ ಆಸ್ಕಾರ್ಬಿಕ್ ಆಸಿಡ್ ಬೇಕು. ಕಲಸಿದ ಒಂದೆರಡು ನಿಮಿಷದಲ್ಲೇ ಕ್ಲೋರಿನ್ ಹೋಗಿರುತ್ತದೆ.

20 ಲೀಟರ್ ಬಕೆಟ್, ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಎಂದರೆ ಬೇಕಾಗುವುದು 50 ಮಿಲಿಗ್ರಾಂ. ಮನೆಯ ತಕ್ಕಡಿಯಲ್ಲಿ ಅಷ್ಟು ತೂಗಲು ಆಗದು. ಅದಕ್ಕೆ 1 ಗ್ರಾಂ ಪುಡಿಯನ್ನು 200 ಮಿಲಿಲೀಟರ್ ಸೋಸಿದ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಇದರ 10 ಮಿಲಿಲೀಟರ್‌ನಲ್ಲಿ 50 ಮಿಲಿಗ್ರಾಂ ಇರುತ್ತದೆ. ಸಿರಿಂಜಿನಲ್ಲಿ ಅಳೆದು ಬಕೆಟ್ಟಿಗೆ ಹಾಕಿ ಕಲಕಿ. ಕ್ಲೋರಿನ್ 0.5 ಇದ್ದರೆ 5 ಮಿಲಿಲೀಟರ್ ಸಾಕು. 200 ಲೀಟರ್ ಡ್ರಮ್ಮಿಗಾದರೆ ಔಷಧಿ ಅಂಗಡಿಯ 500 ಮಿಲಿಗ್ರಾಮಿನ ಒಂದು ಮಾತ್ರೆ ಪುಡಿ ಮಾಡಿ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಅದರ ಸಕ್ಕರೆ, ಕಿತ್ತಳೆ ಬಣ್ಣದಿಂದ ಗಿಡಕ್ಕೆ ತೊಂದರೆ ಇಲ್ಲ. ಕರಗಿಸಿಟ್ಟ ದ್ರಾವಣ ಗಾಳಿಗೆ, ಬೆಳಕಿಗೆ ಕೆಡುತ್ತದೆ. ಹಳದಿ ತಿರುಗಿದರೆ ಚೆಲ್ಲಿ ಹೊಸದು ಮಾಡಿ.

ವಿಟಮಿನ್ ಸಿ ಕೂಡ ಸಿಗದಿದ್ದರೆ ಬಕೆಟ್ಟಿಗೆ ಒಂದು ಹಿಡಿ ಹಣ್ಣಾದ ಎರೆಗೊಬ್ಬರ ಕಲಸಿ ಅರ್ಧ ಗಂಟೆ ಬಿಡಿ, ಪರೀಕ್ಷೆ ಮಾಡಿ. ಗೊಬ್ಬರ ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಬಸಿದುಕೊಂಡು ಟ್ರೈಕೋಡರ್ಮಾ ಕಲಸಬಹುದು. ಕುದಿಸುವುದು ದಂಡ, ಗ್ಯಾಸ್ ಖರ್ಚು.

ದಿನಕ್ಕೆ ನೂರು ಲೀಟರ್ ಬೇಕೆಂದರೆ: ಕಾರ್ಬನ್ ಪೈಪು

ಸಸಿ ಟ್ರೇಗಳು ಹೆಚ್ಚಿದ್ದರೆ, ಡ್ರಿಪ್ಪಿನಲ್ಲೇ ಜೀವಾಣು ಬಿಡುವುದಿದ್ದರೆ, ಪರೀಕ್ಷೆಯಲ್ಲಿ ಕ್ಲೋರಿನ್ ಬಂದಿದ್ದರೆ, ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಕಟ್ಟಿಕೊಳ್ಳಬಹುದು. ಅಂಗಡಿಯ 10 ಇಂಚಿನ ಫಿಲ್ಟರ್ ಹೌಸಿಂಗ್ ಸುಲಭ ಅನಿಸುತ್ತದೆ, ಆದರೆ ತಾರಸಿಯಲ್ಲಿ ಒತ್ತಡವೇ ಸಮಸ್ಯೆ. 10 ಮೀಟರ್ ಎತ್ತರದ ನೀರು 1 ಬಾರ್ ಒತ್ತಡ ಕೊಡುತ್ತದೆ. ತಾರಸಿ ನಲ್ಲಿಗಿಂತ ಟ್ಯಾಂಕ್ ಒಂದೂವರೆ ಮೀಟರ್ ಮೇಲಿದ್ದರೆ ಸಿಗುವುದು 0.15 ಬಾರ್. ಗಟ್ಟಿ ಕಾರ್ಬನ್ ಬ್ಲಾಕ್ ಕಾರ್ಟ್ರಿಜ್‌ನಲ್ಲಿ ಇಷ್ಟು ಒತ್ತಡಕ್ಕೆ ನೀರು ತೊಟ್ಟಿಕ್ಕುತ್ತದೆ, ಅಷ್ಟೇ. ಹರಳು ಕಾರ್ಬನ್ ತುಂಬಿದ ಪೈಪು ಅಲ್ಲಿಗೆ ಸರಿಯಾಗುತ್ತದೆ.

ಬೇಕಾಗುವುದು: 4 ಇಂಚಿನ ಪಿವಿಸಿ ಪೈಪು 3 ಅಡಿ, ತಳ ಚಪ್ಪಟೆಯಾದ ಒಂದು ಎಂಡ್ ಕ್ಯಾಪ್, ಮೇಲೆ ಮುಚ್ಚಲು ಸಡಿಲ ಕ್ಯಾಪ್, ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ 2, ರಬ್ಬರ್ ವಾಷರ್ ಸಮೇತ, ಅರ್ಧ ಇಂಚಿನ ಬಾಲ್ ವಾಲ್ವ್ 1, ಸಾಲ್ವೆಂಟ್ ಸಿಮೆಂಟ್, ಟೆಫ್ಲಾನ್ ಟೇಪು, ಗೋಡೆಗೆ ಹಿಡಿಸಲು 2 ಕ್ಲಾಂಪು, ತೊಳೆದ ಸಣ್ಣ ಜಲ್ಲಿ 1 ಲೀಟರಿನಷ್ಟು, ನೈಲಾನ್ ಸೊಳ್ಳೆಪರದೆಯ ತುಂಡು, ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್ ಹರಳು ಎರಡೂವರೆ ಕೆಜಿ. ಕಾರ್ಬನ್ ಕೊಳ್ಳುವಾಗ ಅಯೋಡಿನ್ ವ್ಯಾಲ್ಯೂ (ಕಾರ್ಬನ್ನಿನಲ್ಲಿ ಸೂಕ್ಷ್ಮ ರಂಧ್ರಗಳು ಎಷ್ಟಿವೆ ಎಂಬ ಅಳತೆ) 900 ಅಥವಾ ಮೇಲೆ, ಮೆಷ್ (ಹರಳಿನ ಗಾತ್ರ) 8×30 ಅಥವಾ 12×40 ಎಂದು ಕೇಳಿ. ಒಲೆಯ ಇದ್ದಿಲು ಕುಟ್ಟಿ ಹಾಕಿದರೆ ಆದೀತೇ ಎಂದು ಕೇಳುವವರಿದ್ದಾರೆ. ಆಗದು. ಅದರಲ್ಲಿ ಆ ಸೂಕ್ಷ್ಮ ರಂಧ್ರಗಳು ಬಹಳ ಕಡಿಮೆ, ಬೂದಿ ಬೇರೆ ಸೇರಿರುತ್ತದೆ.

ಕಾರ್ಬನ್ ತೊಳೆಯುವುದು ಮೊದಲ ಕೆಲಸ. ಬಕೆಟ್ಟಿನಲ್ಲಿ ನೀರು ಹಾಕಿ ಅಕ್ಕಿ ತೊಳೆಯುವಂತೆ ಕಲಸಿ, ಕಪ್ಪು ನೀರು ಚೆಲ್ಲಿ. ತಿಳಿಯಾಗಲು ಏಳೆಂಟು ಸಲವಾದರೂ ಬೇಕು. ಆಮೇಲೆ ನೀರಿನಲ್ಲಿ ಮುಳುಗಿಸಿ ಒಂದು ದಿನ ಇಡಿ. ಹರಳಿನೊಳಗಿನ ಗಾಳಿ ಚಿಕ್ಕಚಿಕ್ಕ ಗುಳ್ಳೆಯಾಗಿ ಸಂಜೆವರೆಗೂ ಏಳುತ್ತಲೇ ಇರುತ್ತದೆ. ಇದನ್ನು ಬಿಟ್ಟರೆ ಗಾಳಿ ತುಂಬಿದ ಹರಳು ಪೈಪಿನಲ್ಲಿ ತೇಲಿ, ನೀರು ಪಕ್ಕದಿಂದ ದಾರಿ ಮಾಡಿಕೊಂಡು ಹೋಗುತ್ತದೆ.

ಎಂಡ್ ಕ್ಯಾಪಿನ ನಡುವೆ ತೂತು ಕೊರೆದು ಒಂದು ನಿಪ್ಪಲ್ ಬಿಗಿದು, ಕ್ಯಾಪನ್ನು ಪೈಪಿನ ತಳಕ್ಕೆ ಸಾಲ್ವೆಂಟ್ ಹಚ್ಚಿ ಅಂಟಿಸಿ. ಪೈಪಿನ ಮೇಲ್ತುದಿಯಿಂದ 10 ಸೆಂಟಿಮೀಟರ್ ಕೆಳಗೆ ಪಕ್ಕದಲ್ಲಿ ಇನ್ನೊಂದು ನಿಪ್ಪಲ್ ಹಾಕಿ, ಇದು ನೀರು ಹೊರಬರುವ ದಾರಿ. ಬಾಗಿದ ಮೈಗೆ ವಾಷರ್ ಸರಿಯಾಗಿ ಕೂರದೆ ಒಂದೆರಡು ಹನಿ ಸೋರಬಹುದು. ಮೇಲೆ ಒತ್ತಡ ಇಲ್ಲದ ಕಾರಣ ದಪ್ಪ ವಾಷರ್ ಹಾಕಿದರೆ ನಿಲ್ಲುತ್ತದೆ. ತಳದ ನಿಪ್ಪಲನ್ನು ಮಾತ್ರ ಪಕ್ಕದಲ್ಲಿ ಹಾಕಬೇಡಿ, ಅಲ್ಲಿ ಸೋರಿಕೆ ನಿಲ್ಲಿಸುವುದು ಕಷ್ಟ. ತಳದಲ್ಲಿ ನಿಪ್ಪಲ್ ಇರುವ ಪೈಪು ನಿಲ್ಲುವುದಿಲ್ಲವಾದ್ದರಿಂದ ಕ್ಲಾಂಪಿನಿಂದ ಗೋಡೆಗೆ ಹಿಡಿಸಿ.

ಸಾಲ್ವೆಂಟ್ ಒಂದು ದಿನ ಒಣಗಿದ ಮೇಲೆ ತುಂಬಿ: ತಳಕ್ಕೆ 6 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ಎರಡು ಮಡಿಕೆ ಪರದೆ, ಆಮೇಲೆ 60 ಸೆಂಟಿಮೀಟರ್ ಕಾರ್ಬನ್, ಮತ್ತೆ ಪರದೆ, ಕೊನೆಗೆ 4 ಸೆಂಟಿಮೀಟರ್ ಜಲ್ಲಿ. ಮೇಲಿನ ಜಲ್ಲಿ ಕಾರ್ಬನ್ ಎದ್ದು ಬರದಂತೆ ಅದುಮಿ ಹಿಡಿಯುತ್ತದೆ. ನಲ್ಲಿಯ ಹೋಸನ್ನು ಬಾಲ್ ವಾಲ್ವ್ ಮೂಲಕ ತಳದ ನಿಪ್ಪಲಿಗೆ ಜೋಡಿಸಿ. ನೀರು ತಳದಿಂದ ಹತ್ತಿ ಮೇಲಿನಿಂದ ಡ್ರಮ್ಮಿಗೆ ಬೀಳುತ್ತದೆ. ಹೀಗೆ ಮಾಡಿದರೆ ನೀರು ನಿಲ್ಲಿಸಿದಾಗಲೂ ಕಾರ್ಬನ್ ಒಣಗುವುದಿಲ್ಲ. ವಾಲ್ವ್ ಯಾವಾಗಲೂ ಒಳಬರುವ ಕಡೆಯೇ ಇರಬೇಕು. ಹೊರಹೋಗುವ ತುದಿಗೆ ನಲ್ಲಿ ಹಾಕಿದರೆ ನೀರು ಸಡಿಲ ಕ್ಯಾಪನ್ನು ಎತ್ತಿಕೊಂಡು ಉಕ್ಕುತ್ತದೆ.

ವೇಗವೇ ಈ ಫಿಲ್ಟರಿನ ಜೀವಾಳ. ಪೈಪಿನೊಳಗಿನ ಕಾರ್ಬನ್ ಸುಮಾರು 5 ಲೀಟರ್ ಜಾಗ ಹಿಡಿಯುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ನೀರಿಗೆ ಎರಡೂವರೆ ನಿಮಿಷದ ಸಂಪರ್ಕ ಸಿಗುತ್ತದೆ, ಮುಕ್ತ ಕ್ಲೋರಿನ್‌ಗೆ ಅದು ಧಾರಾಳ. ಒಂದು ಲೀಟರ್ ಜಗ್ಗು ಹಿಡಿದು ಮೊಬೈಲಿನ ಸ್ಟಾಪ್‌ವಾಚ್ ನೋಡಿ: 30 ಸೆಕೆಂಡಿಗೆ ತುಂಬಬೇಕು. ಬೇಗ ತುಂಬಿದರೆ ವಾಲ್ವ್ ತಿರುಗಿಸಿ, ಸರಿಯಾದ ಜಾಗಕ್ಕೆ ಮಾರ್ಕರಿನಿಂದ ಗುರುತು ಹಾಕಿ. 100 ಲೀಟರಿಗೆ 50 ನಿಮಿಷ ಹಿಡಿಯುತ್ತದೆ. ಮೊದಲ 50 ಲೀಟರ್‌ನಲ್ಲಿ ಕರಿ ಪುಡಿ ಬರುತ್ತದೆ. ಅದನ್ನು ಡ್ರಿಪ್ಪಿಗೆ ಬಿಡಬೇಡಿ, ಕಟ್ಟಿಕೊಳ್ಳುತ್ತದೆ. ಕುಂಡಕ್ಕೆ ಕೈಯಲ್ಲಿ ಹಾಕಬಹುದು.

ಕಾರ್ಬನ್ ಎಷ್ಟು ಕಾಲ ಬಾಳುತ್ತದೆ? ದಿನಕ್ಕೆ 100 ಲೀಟರ್, ಲೀಟರಿಗೆ 0.5 ಮಿಲಿಗ್ರಾಂ ಎಂದರೆ ವರ್ಷಕ್ಕೆ ಸುಮಾರು 18 ಗ್ರಾಂ ಕ್ಲೋರಿನ್. ಎರಡೂವರೆ ಕೆಜಿ ಕಾರ್ಬನ್ ಅದರಿಂದ ಸೋಲುವುದಿಲ್ಲ. ಸೋಲುವುದು ಕೆಸರು, ಕಬ್ಬಿಣದ ತುಕ್ಕಿನಿಂದ. ಆದ್ದರಿಂದ ನೀರು ಕದಡಿರುವ ಕಡೆ ಮುಂಚೆಯೇ ಒಂದು ಸೆಡಿಮೆಂಟ್ ಫಿಲ್ಟರ್ ಅಥವಾ ಕನಿಷ್ಠ ಡ್ರಿಪ್ಪಿನ ಸ್ಕ್ರೀನ್ ಫಿಲ್ಟರ್ ಹಾಕಿ. ತಿಂಗಳಿಗೊಮ್ಮೆ ಹೊರಬರುವ ನೀರನ್ನು ಪರೀಕ್ಷಿಸಿ. ಬಣ್ಣ ಕಂಡರೆ ಮೊದಲು ವೇಗ ನೋಡಿ, ಆಮೇಲೆ ಕಾರ್ಬನ್ ಹೊರತೆಗೆದು ತೊಳೆದು ನೋಡಿ, ಆಗಲೂ ಬಂದರೆ ಬದಲಿಸಿ. ಈ ನೀರು ಕುಡಿಯಲು ಅಲ್ಲ: ಕ್ಲೋರಿನ್ ಹೋದ ಕಾರ್ಬನ್ ಮೇಲೆ ಬ್ಯಾಕ್ಟೀರಿಯಾ ಸಂತೋಷವಾಗಿ ಬೆಳೆಯುತ್ತವೆ. ಅದೇ ಕಾರಣಕ್ಕೆ ಶೇಖರಿಸುವ ಡ್ರಮ್ಮು ಬೆಳಕು ಒಳಬಿಡದ ಬಣ್ಣದ್ದಿರಲಿ, ಇಲ್ಲವಾದರೆ ವಾರದಲ್ಲಿ ಪಾಚಿ.

ಕ್ಲೋರಮಿನ್ ಇರುವ ಊರು

ಕ್ಲೋರಿನ್ ಜೊತೆ ಅಮೋನಿಯಾ ಸೇರಿದರೆ ಕ್ಲೋರಮಿನ್ ಆಗುತ್ತದೆ. ಇದು ಬಿಸಿಲಿಗಿಟ್ಟರೂ ಸುಲಭವಾಗಿ ಹೋಗದು. ಅಮೆರಿಕದ ಹಲವು ನಗರಗಳು ಇದನ್ನೇ ಬಳಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ 2004ರಿಂದ. ಅಲ್ಲಿನ ಮಿತಿಯೂ ಹೆಚ್ಚು, ಲೀಟರಿಗೆ 4 ಮಿಲಿಗ್ರಾಂ. ಬೇ ಏರಿಯಾದ ಬಾಲ್ಕನಿಯಲ್ಲಿ ಕರಿಬೇವು, ಮಲ್ಲಿಗೆ ಬೆಳೆಸುವ ಕನ್ನಡಿಗರು ಊರಿನ ಅಭ್ಯಾಸದಂತೆ ನೀರನ್ನು ರಾತ್ರಿ ಹಿಡಿದಿಟ್ಟು ಬೆಳಗ್ಗೆ ಬಳಸಿದರೆ ಫಲವಿಲ್ಲ. ವಿಟಮಿನ್ ಸಿ ಅಲ್ಲೂ ಕೆಲಸ ಮಾಡುತ್ತದೆ. ಅಳತೆಯನ್ನು ಮುಕ್ತ ಕ್ಲೋರಿನ್‌ಗಲ್ಲ, ಒಟ್ಟು ಕ್ಲೋರಿನ್‌ಗೆ ಲೆಕ್ಕ ಹಾಕಿ. ಮೇಲಿನ ಕಾರ್ಬನ್ ಪೈಪನ್ನೇ ಬಳಸುವುದಾದರೆ ವೇಗ ನಿಮಿಷಕ್ಕೆ ಅರ್ಧ ಲೀಟರಿಗೆ ಇಳಿಸಿ, ಕ್ಲೋರಮಿನ್ ಒಡೆಯಲು ಹೆಚ್ಚು ಶಕ್ತವಾದ ಕ್ಯಾಟಲಿಟಿಕ್ ಕಾರ್ಬನ್ ತುಂಬಿ. ಉಳಿಯುವ ಚೂರು ಅಮೋನಿಯಾ ಗಿಡಕ್ಕೆ ಸಾರಜನಕವೇ.

ನಮ್ಮ ಕಡೆಯ ನೀರಿನಲ್ಲಿ ಒಟ್ಟು ಕ್ಲೋರಿನ್ ಹೆಚ್ಚು, ಮುಕ್ತ ಕ್ಲೋರಿನ್ ತೀರ ಕಡಿಮೆ ಎಂದು ಬಂದರೆ ಗಿಡದ ವಿಷಯ ಆಮೇಲೆ. ಲೈನಿಗೆ ಅಮೋನಿಯಾ ಇರುವ ಚರಂಡಿ ನೀರು ಸೇರಿರಬಹುದು, ಮೊದಲು ಕುಡಿಯುವ ನೀರು ಪರೀಕ್ಷೆ ಮಾಡಿಸಿ.

ಕಾರ್ಬನ್ ಕೈಲಾಗದ ಕೆಲಸ

ಕುಂಡದ ಅಂಚಿಗೆ ಬಿಳಿ ಪೊರೆ, ದಾಸವಾಳದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು: ಇದು ಕ್ಲೋರಿನ್ ಅಲ್ಲ, ಗಡಸು ನೀರು. ಬೋರ್‌ವೆಲ್, ಟ್ಯಾಂಕರ್ ನೀರಿನ ಬೈಕಾರ್ಬೊನೇಟ್ ಮಣ್ಣಿನ ಪಿಎಚ್ ಏರಿಸಿ ಕಬ್ಬಿಣ ಸಿಗದಂತೆ ಮಾಡುತ್ತದೆ. ಕಾರ್ಬನ್ ಇದನ್ನು ಮುಟ್ಟುವುದಿಲ್ಲ. ಮಳೆನೀರು ಹಿಡಿದು ಅರ್ಧಕ್ಕರ್ಧ ಬೆರೆಸುವುದೇ ಸರಿಯಾದ ಮದ್ದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಮಳೆನೀರಿನ ಡ್ರಮ್ಮು ಇದ್ದವರಿಗೆ ಅಷ್ಟು ಬಿಸಿ ತಟ್ಟಿರಲಿಕ್ಕಿಲ್ಲ.

ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರು ಇದಕ್ಕಿಂತ ಕೆಟ್ಟದ್ದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ: ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ. 400ರ ಗಡಸುತನದ ಬೋರ್‌ವೆಲ್ ನೀರನ್ನು ಪೂರ್ತಿ ಮೆದು ಮಾಡಿದರೆ 184 ಮಿಲಿಗ್ರಾಂ. ಕುಂಡದ ಮಣ್ಣು ಕ್ರಮೇಣ ಗಟ್ಟಿಕಟ್ಟಿ, ಗಾಳಿಯಾಡದೆ, ಜೀವಾಣುಗಳೂ ಬೇರೂ ಒಟ್ಟಿಗೇ ಸೊರಗುತ್ತವೆ. ಸಾಫ್ಟನರಿಗೆ ಹೋಗುವ ಮುಂಚಿನ ಲೈನಿನಿಂದ ತೋಟಕ್ಕೆ ಒಂದು ನಲ್ಲಿ ಕೊಡಿಸಿ ಎಂದು ನಿರ್ವಹಣೆಯವರನ್ನು ಕೇಳಿ, ಪ್ಲಂಬರಿಗೆ ಅದು ಅರ್ಧ ದಿನದ ಕೆಲಸ.

ಆರ್‌ಒ ಹೊರಬಿಡುವ ನೀರಿಗೆ ಟಿಡಿಎಸ್ ಮೀಟರ್ ಹಾಕಿ ನೋಡಿ. 500ರೊಳಗಿದ್ದರೆ ಬಳಸಿ, 1,000ದ ತನಕ ಮಳೆನೀರು ಬೆರೆಸಿ, ಮೇಲಾದರೆ ನೆಲ ಒರೆಸಲು. ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ, ಶುದ್ಧೀಕರಿಸಿದ ನೀರಿಗೆ ಹೈಪೊಕ್ಲೋರೈಟ್ (ಕ್ಲೋರಿನ್ ದ್ರಾವಣ) ಹಾಕುವ ಪ್ರಮಾಣ ದಿನದಿನಕ್ಕೆ ಬದಲಾಗುತ್ತದೆ, ಬಳಸುವ ದಿನ ಅಳೆದೇ ಬಳಸಿ. ಸಂಪು, ಟ್ಯಾಂಕು ಬ್ಲೀಚಿಂಗ್ ಹಾಕಿ ತೊಳೆದ ದಿನ ತೋಟಕ್ಕೆ ಆ ನೀರು ಬೇಡ. ಮೊದಲ ತುಂಬನ್ನು ಚರಂಡಿಗೆ ಬಿಟ್ಟು, ಎರಡನೆಯದನ್ನು ಪರೀಕ್ಷಿಸಿ.

ಸ್ಪ್ರೇಯರ್ ವಿಷಯವೂ ಇಲ್ಲೇ ಬರುತ್ತದೆ. ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಸಿಂಪಡಿಸಿದ ಕ್ಯಾನಿನಲ್ಲೇ ಟ್ರೈಕೋಡರ್ಮಾ ಕಲಸಿದರೆ ನೀರು ಎಷ್ಟು ಸೋಸಿದ್ದರೂ ವ್ಯರ್ಥ, ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಉಳಿದ ತಾಮ್ರ ಅದನ್ನು ಕೊಲ್ಲುತ್ತದೆ. ಜೀವಾಣುಗಳಿಗೆ ಒಂದು ಬಕೆಟ್, ಒಂದು ಕ್ಯಾನು ಬೇರೆಯೇ ಇಡಿ.

ಎರಡು ಮೂರು ವಾರ ಊರಿಗೆ ಹೋಗುವುದಿದ್ದರೆ ಕಾರ್ಬನ್ ಪೈಪಿನ ನೀರು ತಳದಿಂದ ಬಸಿದು ಬಿಡಿ. ನಿಂತ ನೀರಿನಲ್ಲಿ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ. ಬಂದ ಮೇಲೆ ನಿಧಾನವಾಗಿ ತುಂಬಿಸಿ, ಒಂದು ರಾತ್ರಿ ನೆನೆಯಲು ಬಿಟ್ಟು, ಮೊದಲ 20 ಲೀಟರ್ ಚೆಲ್ಲಿ ಶುರು ಮಾಡಿ. ಕೊನೆಗೆ ಬದಲಿಸಿದ ಹಳೆ ಕಾರ್ಬನ್ನನ್ನು ಹೂವಿನ ಗಿಡದ ಕುಂಡಗಳ ತಳಕ್ಕೆ ಹಾಕಿ ಮುಗಿಸಬಹುದು. ಸೊಪ್ಪಿನ ಟ್ರೇಗೆ ಬೇಡ, ಅದು ನೀರಿನಿಂದ ಹಿಡಿದಿಟ್ಟುಕೊಂಡದ್ದು ಕ್ಲೋರಿನ್ ಒಂದನ್ನೇ ಅಲ್ಲ.